ರೈತರ ಮನೆಯ ಯಂತ್ರಶಾಲೆಗೆ ಸಲಕರಣೆ ಪೆಟ್ಟಿಗೆಗಳ ಆಯ್ಕೆ ಮತ್ತು ಜೋಡಣೆ

ಪೀಠಿಕೆ

ಹಾಸನ ತಾಲ್ಲೂಕು ರಾಜ್ಯದ ದಕ್ಷಿಣ ಪರಿವರ್ತನಾ ವಲಯಕ್ಕೆ ಸೇರಿದೆ. ತಾಲ್ಲೂಕಿನ ದುದ್ದ ಹೋಬಳಿ ಹಾಗೂ ನೆರೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ರಾಗಿ, ಮುಸುಕಿನ ಜೋಳ, ಆಲೂಗಡ್ಡೆ, ಭತ್ತ, ತೆಂಗು ಮೊದಲಾದ ಬೆಳೆಗಳನ್ನು ಬೆಳೆಯಲಾಗುತ್ತಿದೆ. ಹಿಂದೆ ನೇಗಿಲು, ಕುಂಟೆ, ಕೂರಿಗೆಗಳ ದುರಸ್ತಿಯನ್ನು ಊರಿನ ಬಡಗಿ ಮತ್ತು ಕಮ್ಮಾರರು ಮಾಡಿಕೊಡುತ್ತಿದ್ದರು; ಅದಕ್ಕೆ ಪ್ರತಿಯಾಗಿ ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಧಾನ್ಯವನ್ನು ಪಡೆಯುತ್ತಿದ್ದರು. ಇಂದು ಆ ವ್ಯವಸ್ಥೆ ಬಹುಮಟ್ಟಿಗೆ ಮರೆಯಾಗಿದೆ. ಟ್ರ್ಯಾಕ್ಟರ್, ಪವರ್ ಟಿಲ್ಲರ್, ರೋಟವೇಟರ್, ಕೊಳವೆಬಾವಿಯ ಪಂಪ್‌ಸೆಟ್, ಹನಿ ನೀರಾವರಿ ಘಟಕ, ಸಿಂಪಡಣಾ ಯಂತ್ರ ಇವೆಲ್ಲವೂ ರೈತರ ಅಂಗಳಕ್ಕೆ ಬಂದಿವೆ. ಇವುಗಳ ಸಣ್ಣಪುಟ್ಟ ದುರಸ್ತಿಯ ಹೊಣೆಯೂ ರೈತರ ಮೇಲೆಯೇ ಬಂದಿದೆ.

ಆದರೆ ಹಲವು ಮನೆಗಳಲ್ಲಿ ಸಲಕರಣೆಗಳು ಒಂದೆಡೆ ಇರುವುದಿಲ್ಲ. ಕೆಲವು ಟ್ರ್ಯಾಕ್ಟರ್ ಸೀಟಿನ ಕೆಳಗೆ, ಕೆಲವು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ, ಕೆಲವು ಪಂಪ್ ಮನೆಯಲ್ಲಿ, ಉಳಿದವು ಹಳೆಯ ಗೊಬ್ಬರದ ಚೀಲದಲ್ಲಿ ಇರುತ್ತವೆ. ಬೇಕಾದ ಸ್ಪ್ಯಾನರ್ ಬೇಕಾದ ಹೊತ್ತಿಗೆ ಸಿಗದಿದ್ದರೆ ಆಗುವ ನಷ್ಟ ಆ ಸ್ಪ್ಯಾನರಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು.

ಒಂದು ಉದಾಹರಣೆಯನ್ನು ಗಮನಿಸಬಹುದು. ಹಾಸನ ಭಾಗದಲ್ಲಿ ಮುಂಗಾರು ಆಲೂಗಡ್ಡೆಯ ನಾಟಿಯು ಮೇ–ಜೂನ್ ತಿಂಗಳ ಮಳೆಯನ್ನು ಅವಲಂಬಿಸಿದೆ. ಮಳೆ ಬಿದ್ದು ಭೂಮಿ ಹದಕ್ಕೆ ಬಂದ ಮೇಲೆ ಉಳುಮೆಗೆ ದೊರೆಯುವ ಕಾಲಾವಕಾಶ ಕೆಲವೇ ದಿನಗಳದ್ದು. ಕೆಲವೊಮ್ಮೆ ಕೆಲವೇ ಗಂಟೆಗಳದ್ದು. ಅಂತಹ ದಿನ ರೋಟವೇಟರಿನ ಶಿಯರ್ ಬೋಲ್ಟ್ ಮುರಿದರೆ, ಬದಲಿ ಬೋಲ್ಟ್ ಮತ್ತು ಎರಡು ಸ್ಪ್ಯಾನರ್‌ಗಳು ಟ್ರ್ಯಾಕ್ಟರಿನಲ್ಲಿಯೇ ಇದ್ದಲ್ಲಿ ಹದಿನೈದು ನಿಮಿಷದಲ್ಲಿ ಕೆಲಸ ಮುಂದುವರಿಯುತ್ತದೆ. ಇಲ್ಲವಾದಲ್ಲಿ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಅಂದು ಸಂಜೆ ಮತ್ತೆ ಮಳೆ ಸುರಿದರೆ ಹದ ತಪ್ಪುತ್ತದೆ. ಮೊಳಕೆ ಬಂದ ಬಿತ್ತನೆ ಗೆಡ್ಡೆಗಳು ಮನೆಯಲ್ಲಿಯೇ ಉಳಿಯುತ್ತವೆ. ಆದ್ದರಿಂದ ಸಲಕರಣೆ ಪೆಟ್ಟಿಗೆಯನ್ನೂ ಬೇಸಾಯದ ಒಂದು ಪರಿಕರವೆಂದೇ ಪರಿಗಣಿಸುವುದು ಸೂಕ್ತ.

ಮೂಲ ತತ್ವ: ಕೆಲಸದ ಸ್ಥಳಕ್ಕೊಂದು ಪೆಟ್ಟಿಗೆ

ಎಲ್ಲ ಸಲಕರಣೆಗಳನ್ನೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ತುಂಬುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅಂತಹ ಪೆಟ್ಟಿಗೆ ಭಾರವಾಗುತ್ತದೆ. ಭಾರವಾದುದನ್ನು ಯಾರೂ ಹೊಲಕ್ಕೆ ಒಯ್ಯುವುದಿಲ್ಲ. ಬದಲಿಗೆ ಒಂದೆರಡು ಸಲಕರಣೆಗಳನ್ನು ಮಾತ್ರ ಕೈಯಲ್ಲಿ ಹಿಡಿದು ಹೋಗುತ್ತಾರೆ, ಅವು ಹಿಂದಿರುಗಿ ಬರುವುದಿಲ್ಲ. ಯಂತ್ರಗಳಿರುವ ಸ್ಥಳವನ್ನು ಅನುಸರಿಸಿ ಸಲಕರಣೆಗಳನ್ನು ನಾಲ್ಕು ಭಾಗಗಳಾಗಿ ವಿಂಗಡಿಸುವುದು ಉತ್ತಮ.

1. ಶೆಡ್ಡಿನ ಪೆಟ್ಟಿಗೆ: ಮನೆ ಅಥವಾ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಕಾಯಂ ಆಗಿ ಇರುವಂಥದ್ದು.
2. ಟ್ರ್ಯಾಕ್ಟರ್ ಪೆಟ್ಟಿಗೆ: ಟ್ರ್ಯಾಕ್ಟರ್ ಅಥವಾ ಟಿಲ್ಲರಿನೊಂದಿಗೆ ಹೊಲಕ್ಕೆ ಹೋಗುವಂಥದ್ದು.
3. ಪಂಪ್ ಪೆಟ್ಟಿಗೆ: ಪಂಪ್‌ಸೆಟ್ ಮತ್ತು ಹನಿ ನೀರಾವರಿಯ ದುರಸ್ತಿಗೆ ಬೇಕಾದಂಥದ್ದು.
4. ಸಿಂಪಡಣೆ ಪೆಟ್ಟಿಗೆ: ಸಿಂಪಡಣಾ ಯಂತ್ರದ ಬಿಡಿಭಾಗಗಳಿಗೆ ಮಾತ್ರ ಮೀಸಲಾದಂಥದ್ದು.

ಸ್ಪ್ಯಾನರ್, ಪ್ಲೇಯರ್‌ಗಳಂತಹ ಸಲಕರಣೆಗಳು ಎರಡು ಪೆಟ್ಟಿಗೆಗಳಿಗೂ ಬೇಕಾದಲ್ಲಿ ಎರಡು ಜೊತೆ ಕೊಳ್ಳುವುದೇ ಲೇಸು. ಒಂದು ಪೆಟ್ಟಿಗೆಯಿಂದ ತೆಗೆದು ಇನ್ನೊಂದಕ್ಕೆ ಹಾಕುವ ಅಭ್ಯಾಸದಿಂದ ಕೊನೆಗೆ ಎರಡೂ ಪೆಟ್ಟಿಗೆಗಳು ಬರಿದಾಗುತ್ತವೆ.

ಪೆಟ್ಟಿಗೆಯ ಆಯ್ಕೆ

ತಗಡಿನ ಪೆಟ್ಟಿಗೆ: ಮೇಲಕ್ಕೆ ತೆರೆದಾಗ ಎರಡೂ ಬದಿಗೆ ಮೆಟ್ಟಿಲಿನಂತೆ ಬಿಚ್ಚಿಕೊಳ್ಳುವ, ಮೂರು ಅಥವಾ ಐದು ಖಾನೆಗಳ ಉಕ್ಕಿನ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ಲಭ್ಯವಿವೆ. ಒಳಗಿರುವುದೆಲ್ಲವೂ ಒಂದೇ ನೋಟಕ್ಕೆ ಕಾಣುವುದು ಇವುಗಳ ಅನುಕೂಲ. ಶೆಡ್ಡಿಗೆ ಐದು ಖಾನೆಯ ಪೆಟ್ಟಿಗೆ, ಟ್ರ್ಯಾಕ್ಟರಿಗೆ ಮೂರು ಖಾನೆಯ ಪೆಟ್ಟಿಗೆ ಸೂಕ್ತ.

ಪ್ಲಾಸ್ಟಿಕ್ ಪೆಟ್ಟಿಗೆ: ಹಗುರ, ತುಕ್ಕು ಹಿಡಿಯುವುದಿಲ್ಲ. ಪಂಪ್ ಮನೆ ಮತ್ತು ಸಿಂಪಡಣೆಯ ಬಿಡಿಭಾಗಗಳಿಗೆ ಯೋಗ್ಯ. ಆದರೆ ಟ್ರ್ಯಾಕ್ಟರಿನ ನಿರಂತರ ಅದುರುವಿಕೆಗೆ ಇದರ ಚಿಲಕ ಬೇಗನೆ ಮುರಿಯುತ್ತದೆ. ಬಿಸಿಲಿನಲ್ಲಿ ಬಹುಕಾಲ ಇಟ್ಟರೆ ಪ್ಲಾಸ್ಟಿಕ್ ಬಿರುಸಾಗಿ ಒಡೆಯುತ್ತದೆ.

ಮರದ ಪೆಟ್ಟಿಗೆ: ಊರಿನ ಬಡಗಿಯಿಂದ ಅಳತೆಗೆ ತಕ್ಕಂತೆ ಮಾಡಿಸಿಕೊಳ್ಳಬಹುದು. ಉಳಿ, ಅರ, ಗರಗಸಗಳಂತಹ ಹರಿತವಾದ ಸಲಕರಣೆಗಳಿಗೆ ಉತ್ತಮ. ಗೆದ್ದಲಿನ ಕಾರಣದಿಂದ ಇದನ್ನು ನೆಲದ ಮೇಲೆ ಇಡಬಾರದು.

ಬಟ್ಟೆಯ ಸುರುಳಿ: ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಜೇಬುಗಳನ್ನು ಹೊಲಿಸಿ, ಪ್ರತಿ ಜೇಬಿಗೂ ಒಂದು ಸ್ಪ್ಯಾನರ್ ಇಟ್ಟು ಸುತ್ತಿ ಕಟ್ಟುವ ವಿಧಾನ. ಪವರ್ ಟಿಲ್ಲರ್ ಮತ್ತು ದ್ವಿಚಕ್ರ ವಾಹನದಲ್ಲಿ ಹೊಲಕ್ಕೆ ಹೋಗುವವರಿಗೆ ಇದು ಅತ್ಯಂತ ಮಿತವ್ಯಯದ ಮಾರ್ಗ. ಬಟ್ಟೆ ನೆನೆದರೆ ಒಣಗಿಸಿಯೇ ಸುತ್ತಬೇಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

• ಉದ್ದ: ಪೆಟ್ಟಿಗೆಯ ಒಳ ಅಳತೆಯು ಅದರೊಳಗೆ ಇಡುವ ಅತಿ ಉದ್ದದ ಸಲಕರಣೆಗಿಂತ ಹೆಚ್ಚಿರಬೇಕು. 14 ಅಂಗುಲದ ಅಂದರೆ ಸುಮಾರು 350 ಮಿ.ಮೀ. ಪೈಪ್ ರೆಂಚ್ 12 ಅಂಗುಲದ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ.
• ಭಾರ: ಹೊಲಕ್ಕೆ ಒಯ್ಯುವ ಪೆಟ್ಟಿಗೆ ತುಂಬಿದ ಮೇಲೆ 10–12 ಕಿಲೋಗ್ರಾಂ ಮೀರದಿರಲಿ. ಮನೆಯ ಯಾವ ಸದಸ್ಯರಾದರೂ, ಮಹಿಳೆಯರೂ ಸೇರಿದಂತೆ, ಅದನ್ನು ಎತ್ತಿ ಒಯ್ಯುವಂತಿರಬೇಕು.
• ಹಿಡಿಕೆ ಮತ್ತು ಕೀಲು: ಹಿಡಿಕೆಯನ್ನು ರಿವೆಟ್ ಅಥವಾ ಬೆಸುಗೆಯಿಂದ ಭದ್ರಪಡಿಸಿರಬೇಕು. ಖಾನೆಗಳನ್ನು ಪೂರ್ಣವಾಗಿ ಬಿಚ್ಚಿದಾಗ ಪೆಟ್ಟಿಗೆ ಒಂದು ಬದಿಗೆ ವಾಲಬಾರದು. ಅಂಗಡಿಯಲ್ಲಿಯೇ ಬಿಚ್ಚಿ ಪರೀಕ್ಷಿಸುವುದು ಒಳಿತು.
• ಬೀಗ: ಬೀಗ ಹಾಕಲು ಕೊಂಡಿ ಇರಬೇಕು.

ಟ್ರ್ಯಾಕ್ಟರ್ ಪೆಟ್ಟಿಗೆಯ ತಳದ ಮೂಲೆಗಳಲ್ಲಿ ಎರಡು ಸಣ್ಣ ತೂತುಗಳನ್ನು ಕೊರೆಯಬೇಕು. ಮಳೆಯ ನೀರು ನಿಲ್ಲದೆ ಹರಿದುಹೋಗುತ್ತದೆ. ಹಳೆಯ ಟ್ಯೂಬಿನ ರಬ್ಬರನ್ನು ಕತ್ತರಿಸಿ, ಅದೇ ಜಾಗದಲ್ಲಿ ತೂತು ಬಿಟ್ಟು ತಳಕ್ಕೆ ಹಾಸಿದರೆ ಸಲಕರಣೆಗಳು ಅದುರಿ ಸವೆಯುವುದು ಕಡಿಮೆಯಾಗುತ್ತದೆ. ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಭದ್ರಪಡಿಸಬೇಕು. ಚಾಲಕರ ಕಾಲಿನ ಬಳಿ, ಬ್ರೇಕ್ ಮತ್ತು ಕ್ಲಚ್ ಪೆಡಲುಗಳ ಸಮೀಪ ಯಾವ ಸಲಕರಣೆಯನ್ನೂ ಬಿಡಿಯಾಗಿ ಇಡಬಾರದು. ಅದು ಪೆಡಲಿನ ಅಡಿಗೆ ಸಿಕ್ಕಿದರೆ ಬ್ರೇಕ್ ಹಿಡಿಯುವುದಿಲ್ಲ.

ಸ್ಪ್ಯಾನರ್ ಅಳತೆಯ ತಿಳಿವಳಿಕೆ

ಸ್ಪ್ಯಾನರಿನ ಮೇಲೆ ಇರುವ ಅಂಕಿಯು ನಟ್ಟಿನ ಎದುರು ಬದಿಗಳ ನಡುವಿನ ಅಗಲವನ್ನು ಸೂಚಿಸುತ್ತದೆ, ಬೋಲ್ಟಿನ ದಪ್ಪವನ್ನಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮೆಟ್ರಿಕ್ ಬೋಲ್ಟುಗಳಿಗೆ ಬೇಕಾದ ಸ್ಪ್ಯಾನರ್‌ಗಳು ಹೀಗಿವೆ.

• 6 ಮಿ.ಮೀ. ಬೋಲ್ಟಿಗೆ – 10 ನಂಬರ್
• 8 ಮಿ.ಮೀ. ಬೋಲ್ಟಿಗೆ – 13 ನಂಬರ್
• 10 ಮಿ.ಮೀ. ಬೋಲ್ಟಿಗೆ – 17 ಅಥವಾ 16 ನಂಬರ್
• 12 ಮಿ.ಮೀ. ಬೋಲ್ಟಿಗೆ – 19 ಅಥವಾ 18 ನಂಬರ್
• 14 ಮಿ.ಮೀ. ಬೋಲ್ಟಿಗೆ – 22 ಅಥವಾ 21 ನಂಬರ್
• 16 ಮಿ.ಮೀ. ಬೋಲ್ಟಿಗೆ – 24 ನಂಬರ್

ಬಾಯಿ ತೆರೆದ ಸ್ಪ್ಯಾನರ್ ನಟ್ಟನ್ನು ಎರಡು ಬದಿಗಳಲ್ಲಿ ಮಾತ್ರ ಹಿಡಿಯುತ್ತದೆ. ರಿಂಗ್ ಸ್ಪ್ಯಾನರ್ ಸುತ್ತಲೂ ಆರು ಮೂಲೆಗಳನ್ನು ಹಿಡಿಯುತ್ತದೆ. ಆದ್ದರಿಂದ ಬಿಗಿಯಾದ ಅಥವಾ ತುಕ್ಕು ಹಿಡಿದ ನಟ್ಟನ್ನು ಸಡಿಲಿಸಲು ರಿಂಗ್ ಸ್ಪ್ಯಾನರನ್ನೇ ಬಳಸಬೇಕು. ಸಡಿಲವಾದ ಮೇಲೆ ತಿರುಗಿಸಲು ಬಾಯಿ ಸ್ಪ್ಯಾನರ್ ಬಳಸಬಹುದು. ಅಳತೆಗೆ ಸರಿಹೊಂದದ ಸ್ಪ್ಯಾನರ್, ಪ್ಲೇಯರ್ ಅಥವಾ ಪೈಪ್ ರೆಂಚಿನಿಂದ ನಟ್ಟನ್ನು ತಿರುಗಿಸಿದರೆ ಅದರ ಮೂಲೆಗಳು ಸವೆದು ಉರುಟಾಗುತ್ತವೆ. ಬಳಿಕ ಉಳಿಯಿಂದ ಕತ್ತರಿಸಿ ತೆಗೆಯುವುದೊಂದೇ ದಾರಿ ಉಳಿಯುತ್ತದೆ. ಕೆಲವು ಹಳೆಯ ಯಂತ್ರಗಳಲ್ಲಿ ಅಂಗುಲದ ಅಳತೆಯ ಬೋಲ್ಟುಗಳಿರುತ್ತವೆ. ಅವುಗಳ ಸ್ಪ್ಯಾನರ್‌ಗಳನ್ನು ಬೇರೆ ಬಣ್ಣ ಬಳಿದು ಪ್ರತ್ಯೇಕವಾಗಿ ಇಡಬೇಕು.

ಪೆಟ್ಟಿಗೆಗಳಲ್ಲಿ ಇರಬೇಕಾದ ಸಲಕರಣೆಗಳು

ಟ್ರ್ಯಾಕ್ಟರ್ ಪೆಟ್ಟಿಗೆ

6–7ರಿಂದ 20–22ರವರೆಗಿನ ಬಾಯಿ ಸ್ಪ್ಯಾನರ್‌ಗಳ ಜೊತೆ, ಅದೇ ಅಳತೆಯ ರಿಂಗ್ ಸ್ಪ್ಯಾನರ್‌ಗಳು, 24–27 ಮತ್ತು 30–32 ನಂಬರಿನ ಒಂದೊಂದು ಸ್ಪ್ಯಾನರ್, ಚಕ್ರದ ನಟ್ಟಿನ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ದೊಡ್ಡ ಸ್ಕ್ರೂ ಡ್ರೈವರ್, ಅರ್ಧ ಕಿಲೋ ತೂಕದ ಸುತ್ತಿಗೆ, ಗ್ರೀಸ್ ಗನ್, ಟೈರಿನ ಗಾಳಿ ಅಳೆಯುವ ಗೇಜ್, ಟಾರ್ಚ್. ಬಿಡಿಭಾಗಗಳ ಪೈಕಿ ಶಿಯರ್ ಬೋಲ್ಟುಗಳು ನಾಲ್ಕು, ಲಿಂಚ್ ಪಿನ್‌ಗಳು, ಸ್ಪ್ಲಿಟ್ ಪಿನ್‌ಗಳು, ಟಾಪ್ ಲಿಂಕ್ ಪಿನ್ ಒಂದು, ಫ್ಯೂಸುಗಳು, ಫ್ಯಾನ್ ಬೆಲ್ಟ್ ಒಂದು, ಕಟ್ಟುವ ತಂತಿ ಸ್ವಲ್ಪ.

ಹೊಳೆನರಸೀಪುರ ಭಾಗದ ಗದ್ದೆಗಳಲ್ಲಿ ಕೆಸರು ಉಳುಮೆ ಮಾಡುವವರು ಪಟ್ಟಿ ಚಕ್ರದ ಬೋಲ್ಟುಗಳನ್ನೂ, ರೋಟವೇಟರ್ ಬಳಸುವವರು ಬ್ಲೇಡಿನ ಬೋಲ್ಟು ಮತ್ತು ನಟ್ಟುಗಳನ್ನೂ ಜೊತೆಗೆ ಇಟ್ಟುಕೊಳ್ಳಬೇಕು.

ಶಿಯರ್ ಬೋಲ್ಟಿನ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಕಲ್ಲು ಅಥವಾ ಬೇರು ಸಿಕ್ಕಿದಾಗ ಮೊದಲು ತಾನು ಮುರಿದು ಗೇರ್ ಬಾಕ್ಸನ್ನು ಉಳಿಸುವುದೇ ಅದರ ಕೆಲಸ. ಪದೇ ಪದೇ ಮುರಿಯುತ್ತದೆಂದು ಅದರ ಜಾಗದಲ್ಲಿ ಹೆಚ್ಚು ಗಟ್ಟಿಯಾದ ಬೋಲ್ಟ್ ಅಥವಾ ಕಬ್ಬಿಣದ ಸರಳಿನ ತುಂಡು ಹಾಕಿದರೆ ಮುಂದಿನ ಬಾರಿ ಮುರಿಯುವುದು ಗೇರ್ ಅಥವಾ ಶಾಫ್ಟ್. ಯಂತ್ರದ ಕೈಪಿಡಿಯಲ್ಲಿ ಸೂಚಿಸಿರುವ ಅಳತೆ ಮತ್ತು ದರ್ಜೆಯ ಬೋಲ್ಟನ್ನು ಮಾತ್ರ ಬಳಸಬೇಕು.

ಪಂಪ್ ಪೆಟ್ಟಿಗೆ

1000 ವೋಲ್ಟ್ ಎಂದು ಗುರುತಿರುವ ಇನ್ಸುಲೇಟೆಡ್ ಪ್ಲೇಯರ್ ಮತ್ತು ಸ್ಕ್ರೂ ಡ್ರೈವರ್‌ಗಳು, ಮಲ್ಟಿಮೀಟರ್, ಇನ್ಸುಲೇಷನ್ ಟೇಪ್, ಸರಿಯಾದ ಸಾಮರ್ಥ್ಯದ ಫ್ಯೂಸುಗಳು, ಸ್ಟಾರ್ಟರ್ ಕಾಂಟ್ಯಾಕ್ಟ್ ಒರೆಸಲು ಒಣ ಬಟ್ಟೆ, ಎರಡು ಪೈಪ್ ರೆಂಚುಗಳು, ಹ್ಯಾಕ್ಸಾ ಮತ್ತು ಎರಡು ಬ್ಲೇಡ್, ಟೆಫ್ಲಾನ್ ಟೇಪ್, ಪಿ.ವಿ.ಸಿ. ಅಂಟು. ಹನಿ ನೀರಾವರಿಗೆ ಲ್ಯಾಟರಲ್ ತೂತು ಕೊರೆಯುವ ಪಂಚ್, ಜೋಡಕಗಳು, ತೂತು ಮುಚ್ಚುವ ಬಿರಡೆಗಳು ಮತ್ತು ಡ್ರಿಪ್ಪರುಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಇಡಬೇಕು.

ಸಿಂಪಡಣೆ ಪೆಟ್ಟಿಗೆ

ವಾಷರುಗಳು, ನಾಝಲ್‌ಗಳು, ಜಾಲರಿಗಳು, ಮೃದು ಬ್ರಷ್, ಒಂದು ಹೊಂದಿಸಬಹುದಾದ ಸ್ಪ್ಯಾನರ್, ರಬ್ಬರ್ ಕೈಗವಸು. ಕಟ್ಟಿಕೊಂಡ ನಾಝಲನ್ನು ಎಂದಿಗೂ ಬಾಯಿಯಿಂದ ಊದಬಾರದು. ತಂತಿಯಿಂದ ಚುಚ್ಚಿದರೆ ತೂತು ದೊಡ್ಡದಾಗಿ ಔಷಧಿಯ ಪ್ರಮಾಣ ಏರುಪೇರಾಗುತ್ತದೆ. ಈ ಪೆಟ್ಟಿಗೆಯಲ್ಲಿನ ಸಲಕರಣೆಗಳಿಗೆ ಕೀಟನಾಶಕದ ಅಂಶ ತಗಲಿರುವುದರಿಂದ ಅವುಗಳನ್ನು ಬೇರೆ ಪೆಟ್ಟಿಗೆಗಳೊಂದಿಗೆ ಬೆರೆಸಬಾರದು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ, ಅಡುಗೆ ಮನೆ ಮತ್ತು ದನದ ಕೊಟ್ಟಿಗೆಯಿಂದ ದೂರ ಇಡಬೇಕು.

ಶೆಡ್ಡಿನ ಪೆಟ್ಟಿಗೆ

ಬೆಂಚ್ ವೈಸ್, ಅರಗಳು, ಉಳಿಗಳು, ಡ್ರಿಲ್ ಯಂತ್ರ, ಅರ್ಧ ಅಂಗುಲದ ಸಾಕೆಟ್ ಜೊತೆ, ಹೈಡ್ರಾಲಿಕ್ ಜಾಕ್, ಅಳತೆ ಟೇಪ್, ಎಣ್ಣೆ ಡಬ್ಬಿ, ಕುಡುಗೋಲು ಮತ್ತು ಮಚ್ಚು ಮಸೆಯುವ ಕಲ್ಲು, ಕಣ್ಣಿಗೆ ರಕ್ಷಣಾ ಕನ್ನಡಕ. ಬೇರಿಂಗ್ ಪುಲ್ಲರ್, ವೆಲ್ಡಿಂಗ್ ಯಂತ್ರಗಳಂತಹ ವರ್ಷಕ್ಕೊಮ್ಮೆ ಬೇಕಾಗುವ ದುಬಾರಿ ಸಲಕರಣೆಗಳನ್ನು ಪ್ರತಿಯೊಬ್ಬರೂ ಕೊಳ್ಳುವ ಬದಲು ರೈತ ಗುಂಪಿನ ಹೆಸರಿನಲ್ಲಿ ಒಂದನ್ನು ಕೊಂಡು ಹಂಚಿಕೊಳ್ಳುವುದು ಲಾಭದಾಯಕ.

ಪೆಟ್ಟಿಗೆಯೇ ಸುರಕ್ಷತೆಯ ಸಾಧನ

ಈ ಕೆಳಗಿನ ಎರಡು ನಿಯಮಗಳನ್ನು ತಪ್ಪದೇ ಪಾಲಿಸಿದಲ್ಲಿ ಪ್ರಾಣಾಪಾಯದ ಸಂಭವ ಬಹಳಷ್ಟು ಕಡಿಮೆಯಾಗುತ್ತದೆ.

ಮೊದಲನೆಯದು, ಟ್ರ್ಯಾಕ್ಟರ್ ಪೆಟ್ಟಿಗೆ ತೆರೆಯುವ ಮುನ್ನ ಎಂಜಿನ್ ನಿಲ್ಲಿಸಿ ಕೀಲಿಕೈಯನ್ನು ತೆಗೆದು ಪೆಟ್ಟಿಗೆಯೊಳಗೆ ಹಾಕಬೇಕು. ಎಲ್ಲ ಸಲಕರಣೆಗಳೂ ಮರಳಿ ಪೆಟ್ಟಿಗೆ ಸೇರಿದ ಮೇಲೆಯೇ ಕೀಲಿಕೈ ಹೊರಬರಬೇಕು. ಪಿ.ಟಿ.ಒ. ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಅಥವಾ ಸೀರೆಯ ಸೆರಗು ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ರೋಟವೇಟರಿನ ಮೇಲೆ ಮರೆತ ಸ್ಪ್ಯಾನರ್ ಸಹ ಯಂತ್ರ ತಿರುಗಿದೊಡನೆ ಸಿಡಿದು ಅಕ್ಕಪಕ್ಕದವರಿಗೆ ಬಡಿಯಬಹುದು. ಎತ್ತಿ ನಿಲ್ಲಿಸಿದ ಯಂತ್ರದ ಅಡಿಯಲ್ಲಿ ಕೆಲಸ ಮಾಡುವಾಗ ಹೈಡ್ರಾಲಿಕ್ ಒಂದನ್ನೇ ನಂಬದೆ ಮರದ ದಿಮ್ಮಿಗಳನ್ನು ಆಸರೆ ಕೊಡಬೇಕು.

ಎರಡನೆಯದು, ಪಂಪ್ ಪೆಟ್ಟಿಗೆ ತೆರೆಯುವ ಮುನ್ನ ಮುಖ್ಯ ಸ್ವಿಚ್ ಆರಿಸಿ, ಮೂರೂ ಫ್ಯೂಸುಗಳನ್ನು ಕಳಚಿ ದುರಸ್ತಿ ಮಾಡುವವರೇ ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೂರು ಫೇಸ್ ಪಂಪ್‌ಸೆಟ್‌ಗೆ ಬರುವ ವಿದ್ಯುತ್ತಿನ ಒತ್ತಡ ಸುಮಾರು 415 ವೋಲ್ಟ್. ಇಂದು ಅನೇಕ ಪಂಪ್ ಮನೆಗಳಲ್ಲಿ ವಿದ್ಯುತ್ ಬಂದೊಡನೆ ತಾನಾಗಿ ಚಾಲನೆಗೊಳ್ಳುವ ಆಟೋ ಸ್ಟಾರ್ಟರ್ ಅಥವಾ ಮೊಬೈಲ್ ಮೂಲಕ ಚಾಲನೆಗೊಳ್ಳುವ ಸ್ಟಾರ್ಟರ್ ಅಳವಡಿಸಲಾಗಿದೆ. ವಿದ್ಯುತ್ ಇಲ್ಲವೆಂದು ಭಾವಿಸಿ ತಂತಿ ಮುಟ್ಟುವುದು, ಅಥವಾ ಒಬ್ಬರು ಪಂಪ್ ಮನೆಯಲ್ಲಿರುವಾಗ ಇನ್ನೊಬ್ಬರು ಮನೆಯಿಂದಲೇ ಮೊಬೈಲಿನಲ್ಲಿ ಮೋಟಾರ್ ಚಾಲೂ ಮಾಡುವುದು ಜೀವಕ್ಕೆ ಎರವಾಗುತ್ತದೆ. ದೀಪ ಉರಿಯುವ ಸಣ್ಣ ಟೆಸ್ಟರ್ ಬೆಳಗಲಿಲ್ಲವೆಂಬುದನ್ನೇ ಆಧಾರವಾಗಿ ನಂಬಬಾರದು. ಸರಬರಾಜು ಮಾರ್ಗ, ಕಂಬ ಹಾಗೂ ಪರಿವರ್ತಕದ ಕೆಲಸವನ್ನು ವಿದ್ಯುತ್ ನಿಗಮದ ಸಿಬ್ಬಂದಿಯೇ ಮಾಡಬೇಕು.

ಜೋಡಣೆ ಮತ್ತು ಎಣಿಕೆ

ಶೆಡ್ಡಿನ ಗೋಡೆಗೆ ಪ್ಲೈವುಡ್ ಹಲಗೆಯೊಂದನ್ನು ಹೊಡೆದು, ಮೊಳೆಗಳಿಗೆ ಸಲಕರಣೆಗಳನ್ನು ತೂಗುಹಾಕಿ, ಪ್ರತಿಯೊಂದರ ಸುತ್ತ ಬಣ್ಣದಿಂದ ಗೆರೆ ಎಳೆಯಬೇಕು. ಸಂಜೆ ಹಲಗೆಯ ಮೇಲೆ ಖಾಲಿ ಗೆರೆ ಕಂಡರೆ ಯಾವ ಸಲಕರಣೆ ಹೊರಗಿದೆ ಎಂಬುದು ತಕ್ಷಣ ತಿಳಿಯುತ್ತದೆ. ಪೆಟ್ಟಿಗೆಗಳಲ್ಲಿ ಮೇಲಿನ ಖಾನೆಗಳಿಗೆ ಹಗುರವಾದ ಮತ್ತು ಹೆಚ್ಚು ಬಳಸುವ ಸಲಕರಣೆಗಳನ್ನು, ತಳಕ್ಕೆ ಸುತ್ತಿಗೆ, ರೆಂಚುಗಳಂತಹ ಭಾರವಾದವನ್ನು ಇಡಬೇಕು. ಮುಚ್ಚಳದ ಒಳಬದಿಗೆ ಸಲಕರಣೆಗಳ ಪಟ್ಟಿ ಮತ್ತು ಒಟ್ಟು ಸಂಖ್ಯೆಯನ್ನು ಬರೆದು ಅಂಟಿಸಬೇಕು. ಹೊಲ ಬಿಡುವ ಮುನ್ನ ಎಣಿಸುವುದು ಕಡ್ಡಾಯ.

ಪ್ರತಿ ಪೆಟ್ಟಿಗೆಗೂ ಒಂದು ಬಣ್ಣ ನಿಗದಿಪಡಿಸಿ, ಅದರ ಸಲಕರಣೆಗಳ ಹಿಡಿಕೆಗೂ ಅದೇ ಬಣ್ಣದ ಗುರುತು ಹಾಕಿದರೆ ಅದಲುಬದಲಾಗುವುದಿಲ್ಲ. ನೆರೆಯವರಿಗೆ ಕೊಟ್ಟದ್ದೂ ಗುರುತು ಸಿಗುತ್ತದೆ. ನಟ್ಟು, ಬೋಲ್ಟು, ವಾಷರುಗಳನ್ನು ದಪ್ಪ ಮತ್ತು ಉದ್ದಕ್ಕೆ ಅನುಗುಣವಾಗಿ ವಿಂಗಡಿಸಿ ಪಾರದರ್ಶಕ ಡಬ್ಬಿಗಳಲ್ಲಿ ತುಂಬಬೇಕು. ಇದಕ್ಕೆ ಖಾಲಿಯಾದ ಕೀಟನಾಶಕದ ಡಬ್ಬಿಗಳನ್ನು ಬಳಸಬಾರದು.

ತುಕ್ಕಿನಿಂದ ರಕ್ಷಣೆ

• ರಾಸಾಯನಿಕ ಗೊಬ್ಬರ, ಮೈಲುತುತ್ತ ಮತ್ತು ಬ್ಯಾಟರಿಗಳನ್ನು ಇಡುವ ಕೋಣೆಯಲ್ಲಿ ಸಲಕರಣೆಗಳನ್ನು ಇಡಬಾರದು. ಗೊಬ್ಬರವು ತೇವವನ್ನು ಹೀರಿ ಕಬ್ಬಿಣವನ್ನು ಕೊರೆಯುತ್ತದೆ. ಬ್ಯಾಟರಿಯ ಆಮ್ಲದ ಆವಿಯೂ ಹಾನಿಕರ.
• ಪೆಟ್ಟಿಗೆಯನ್ನು ನೆಲದಿಂದ ಕನಿಷ್ಠ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ ಇಡಬೇಕು.
• ಬಳಸಿದ ನಂತರ ಮಣ್ಣು, ನೀರು ಒರೆಸಿ, ಎಂಜಿನ್ ಎಣ್ಣೆ ಸವರಿದ ಬಟ್ಟೆಯಿಂದ ತೆಳುವಾಗಿ ಉಜ್ಜಬೇಕು. ಎಣ್ಣೆ ಹೆಚ್ಚಾದರೆ ಕೈ ಜಾರುತ್ತದೆ, ಧೂಳೂ ಅಂಟುತ್ತದೆ.
• ತುಕ್ಕು ಹಿಡಿದ ಸ್ಪ್ಯಾನರನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಸಿ, ಉಪ್ಪುಕಾಗದದಿಂದ ಉಜ್ಜಿ ಒಣಗಿಸಬೇಕು. ಈ ಕೆಲಸವನ್ನು ಬೆಂಕಿಯಿಂದ ದೂರ ಮಾಡಬೇಕು.
• ಮರದ ಹಿಡಿಕೆಗಳಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಹಚ್ಚಿದರೆ ಬಿರುಕು ಬಿಡುವುದಿಲ್ಲ. ಸಡಿಲವಾದ ಸುತ್ತಿಗೆಯ ಹಿಡಿಕೆಗೆ ಬೆಣೆ ಹೊಡೆದ ಹೊರತು ಬಳಸಬಾರದು.

ವಾರ್ಷಿಕ ತಪಾಸಣೆ

ನಮ್ಮ ಭಾಗದ ಸಂಪ್ರದಾಯದಲ್ಲಿಯೇ ತಪಾಸಣೆಗೆ ಎರಡು ದಿನಗಳು ಒದಗಿಬಂದಿವೆ. ಆಯುಧಪೂಜೆಯಂದು ಮನೆಯ ಎಲ್ಲ ಸಲಕರಣೆಗಳನ್ನೂ ಹೊರತೆಗೆದು ತೊಳೆದು ಪೂಜಿಸುವುದು ವಾಡಿಕೆ. ಅಂದೇ ಪಟ್ಟಿಯೊಂದಿಗೆ ಎಣಿಸಿ, ಕಳೆದುಹೋದವು, ಮುರಿದವು ಮತ್ತು ಸವೆದವುಗಳನ್ನು ಬರೆದಿಡಬೇಕು. ತೊಳೆದವುಗಳನ್ನು ಒಣಗಿಸಿ ಎಣ್ಣೆ ಹಚ್ಚಿಯೇ ಪೆಟ್ಟಿಗೆಗೆ ಸೇರಿಸಬೇಕು. ಯುಗಾದಿಯ ಬಳಿಕ ಹೊನ್ನಾರು ಕಟ್ಟುವ ಮುನ್ನ ಎರಡನೆಯ ತಪಾಸಣೆ ಮಾಡಿ, ಬರೆದಿಟ್ಟ ಕೊರತೆಗಳನ್ನು ಕೊಂಡು ತುಂಬಬೇಕು. ಮುಂಗಾರು ಹಂಗಾಮಿನ ಒತ್ತಡಕ್ಕೆ ಮೊದಲೇ ಪೆಟ್ಟಿಗೆ ಸಿದ್ಧವಾಗಿರುತ್ತದೆ.

ಹಂತ ಹಂತವಾಗಿ ಖರೀದಿ

ಎಲ್ಲವನ್ನೂ ಒಮ್ಮೆಲೇ ಕೊಳ್ಳುವ ಅಗತ್ಯವಿಲ್ಲ. ಮೊದಲ ವರ್ಷ ಸ್ಪ್ಯಾನರ್ ಜೊತೆ, ಪ್ಲೇಯರ್, ಸ್ಕ್ರೂ ಡ್ರೈವರ್, ಸುತ್ತಿಗೆ, ಗ್ರೀಸ್ ಗನ್ ಮತ್ತು ಒಂದು ತಗಡಿನ ಪೆಟ್ಟಿಗೆ. ಎರಡನೆಯ ವರ್ಷ ಪಂಪ್ ಪೆಟ್ಟಿಗೆ. ಮೂರನೆಯ ವರ್ಷ ವೈಸ್, ಸಾಕೆಟ್ ಜೊತೆ ಮತ್ತು ಜಾಕ್ ಎಂದು ಕ್ರಮ ಇಟ್ಟುಕೊಳ್ಳಬಹುದು. ಪಂಪ್‌ಸೆಟ್ ಇದ್ದಲ್ಲಿ ಇನ್ಸುಲೇಟೆಡ್ ಪ್ಲೇಯರ್ ಮತ್ತು ಸ್ಕ್ರೂ ಡ್ರೈವರ್‌ಗಳನ್ನು ಮೊದಲ ವರ್ಷವೇ ಕೊಳ್ಳಬೇಕು. ಮಿಶ್ರಲೋಹದ ಉಕ್ಕಿನಿಂದ ತಯಾರಿಸಿದ, ಕ್ರೋಮ್ ವೆನೇಡಿಯಂ ಎಂಬ ಅಚ್ಚು ಇರುವ ಸ್ಪ್ಯಾನರ್‌ಗಳು ಹೆಚ್ಚು ಕಾಲ ಬಾಳುತ್ತವೆ. ಅಗ್ಗದ ಐವತ್ತು ಸಲಕರಣೆಗಳ ಜೊತೆಗಿಂತ ಗುಣಮಟ್ಟದ ಹತ್ತು ಸಲಕರಣೆಗಳು ಮೇಲು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

2014ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಸೇವಾ ಕೇಂದ್ರಗಳಿಂದ ಯಂತ್ರ ಪಡೆಯುವ ರೈತರಿಗೂ ಈ ಮಾಹಿತಿ ಉಪಯುಕ್ತ. ಗ್ರಾಮ ಮಟ್ಟದಲ್ಲಿ ಅರ್ಧ ದಿನದ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿ, ರೈತರು ತಮ್ಮ ಪೆಟ್ಟಿಗೆಗಳನ್ನು ತರುವಂತೆ ತಿಳಿಸಬೇಕು. ಟಾರ್ಪಾಲಿನ ಮೇಲೆ ಸುರಿದು, ಕಳೆದ ವರ್ಷ ಬಳಸಿದವು, ಬಳಸದವು, ಕೆಟ್ಟವು ಎಂದು ಮೂರು ಗುಡ್ಡೆಗಳಾಗಿ ವಿಂಗಡಿಸಿದರೆ ಪ್ರತಿಯೊಬ್ಬರ ಅಗತ್ಯವೂ ಸ್ಪಷ್ಟವಾಗುತ್ತದೆ. ಫ್ಯೂಸ್ ಕಳಚುವುದು ಮತ್ತು ಕೀಲಿಕೈಯನ್ನು ಪೆಟ್ಟಿಗೆಯಲ್ಲಿ ಇಡುವುದನ್ನು ಮಾಡಿ ತೋರಿಸಬೇಕು. ಯುವಕರು ಹಾಗೂ ಮಹಿಳೆಯರು ತಾವೇ ಮಾಡಿ ನೋಡುವಂತೆ ಪ್ರೋತ್ಸಾಹಿಸಬೇಕು.

ಹೆಚ್ಚಿನ ಮಾಹಿತಿಗಾಗಿ ಹಾಸನ ಭಾಗದ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ, ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಕಾರೇಕೆರೆಯ ಕೃಷಿ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು.